ಹೆಸರಿನ ಕೆಳಗಿನ ಬಿರುಕು

ಹೋದ ವಾರ ಬಸವನ ಬಾಗೇವಾಡಿಯ ಮಾಸ್ತರರೊಬ್ಬರು ಸಿಂದಗಿಯ ನನ್ನ ಸೈಕಲ್ ಅಂಗಡಿಗೆ ಒಂದು ಫ್ರೇಮು ತಂದರು. ಚಕ್ರವಿಲ್ಲ, ಹ್ಯಾಂಡಲ್ ಇಲ್ಲ, ಗೋಣಿಚೀಲದಲ್ಲಿ ಸುತ್ತಿದ ಬರೀ ಕಪ್ಪು ಕೊಳವೆಗಳು. ಎತ್ತಿದ ಕೂಡಲೇ ಕೈಗೆ ಗೊತ್ತಾಯಿತು. ಕಬ್ಬಿಣ ಎತ್ತಿ ರೂಢಿಯಾದ ಕೈ, ಭಾರವೇ ಸಿಗದೆ ತಡವರಿಸಿತು. ಇಪ್ಪತ್ತೈದು ವರ್ಷದ ಹಿಂದೆಯೂ ಹೀಗೆಯೇ ತಡವರಿಸಿತ್ತು...

“ಕಾಕಾ, ಕಾರ್ಬನ್ ಐತ್ರಿ. ಮೊದಮೊದಲ ಬಂದದ್ದು. ಪುಣೆದಾಗ ಸಿಕ್ತು. ಈಗ ಇದಕ್ಕ ಚಕ್ರ ಹಾಕಿ ಹೊಡೀಲಿಕ್ಕೆ ಬರ್ತೈತೇನ್ರಿ?”

ನನಗೆ ನನ್ನ ತಂಗಿ ನೆನಪಾದಳು.

ನಾನು ಆರನೇ ಇಯತ್ತೆಗೆ ಶಾಲೆ ಬಿಟ್ಟು ನಟ್ಟು ಬಿಗಿಯುವ ಪಾನಾ ಹಿಡಿದವನು. ಅವಳು ಓದಿದಳು, ಅದಕ್ಕಿಂತ ಹೆಚ್ಚಾಗಿ ಸೈಕಲ್ ಹೊಡೆದಳು. ನಮ್ಮ ಕಡೆ ಸೈಕಲ್ ರೇಸಿನ ಹುಚ್ಚು ಮೊದಲಿನಿಂದಲೂ ಇದೆ. ದಿನಾ ಬೆಳಗ್ಗೆ ಮೋರಟಗಿಯವರೆಗೆ ಹೋಗಿಬಂದು, ಅಂಗಡಿ ಮುಂದೆ ಚಹಾ ಕುಡಿಯುತ್ತ ನನ್ನ ಬಾಡಿಗೆ ಸೈಕಲ್ಲುಗಳನ್ನು ಹೀಯಾಳಿಸುತ್ತಿದ್ದಳು. “ಇವನ್ನ ಹೊಡೀಬಾರದಣ್ಣಾ, ಹಿಂಡಬೇಕು. ಎಮ್ಮಿ ಅದಾವು.”

ಕಾರ್ಬನ್ ಎಳೆಗಳನ್ನು ಅಂಟಿನಲ್ಲಿ ಗಟ್ಟಿ ಮಾಡಿದ ಇಂಥದೇ ಹಗುರ ಫ್ರೇಮು ಅವಳಿಗೆ ಬಂದದ್ದು ವಿಜಾಪುರದ ಹಿರಿಯ ರೇಸುಗಾರನೊಬ್ಬನಿಂದ. ನೌಕರಿ ಸಿಕ್ಕು ಊರು ಬಿಡುವಾಗ, ಚೆನ್ನಾಗಿ ಹೊಡೆಯುವವಳ ಹತ್ತಿರ ಇರಲಿ ಎಂದು ಕೊಟ್ಟು ಹೋದ. ನನಗೂ ಒಂದು ಪಾಠ ಹೇಳಿದ. ರೂಪಾಯಿ ನಾಣ್ಯದಿಂದ ಕೊಳವೆ ತಟ್ಟಿ ನೋಡಬೇಕು. ಗಟ್ಟಿ ಇದ್ದಲ್ಲಿ ಟಣ್ ಎನ್ನುತ್ತದೆ, ಒಳಗೆ ಪೆಟ್ಟಾಗಿದ್ದರೆ ದಬ್ ಎನ್ನುತ್ತದೆ.

ಬಾಗೇವಾಡಿಯಲ್ಲಿ ಆಯ್ಕೆಯ ರೇಸು ಇತ್ತು. ಗೆದ್ದರೆ ರಾಜ್ಯದ ತಂಡಕ್ಕೆ ಹೋಗುತ್ತಿದ್ದಳು. ನಾಲ್ಕು ದಿನ ಮೊದಲು ಸೀಟಿನ ಕೆಳಗಿನ ಕಂಬಿ ಬೆವರಿನ ಉಪ್ಪಿಗೆ ಕೊಳವೆಯೊಳಗೇ ಕಚ್ಚಿಕೊಂಡಿತು. ಬಿಡಿಸಲು ನಾನು ಮೇಲಿನ ಕೊಳವೆಗೆ ಹಳೇ ಟ್ಯೂಬಿನ ತುಂಡು ಸುತ್ತಿ, ಸಾಮಾನು ಕಚ್ಚಿ ಹಿಡಿಯುವ ವೈಸಿನ ಬಾಯಿಗೆ ಕೊಟ್ಟು, ಕಬ್ಬಿಣಕ್ಕೆ ಬಿಗಿಯುವ ಹಾಗೆಯೇ ಬಿಗಿದೆ. ಒಣಗಿದ ತೊಗರಿಕಾಯಿ ಸಿಡಿದಂಥ ಒಂದು ಸದ್ದು ಬಂತು. ನೋಡಿದರೆ ಕೂದಲೆಳೆಯಷ್ಟು ಬಿರುಕು. ನಾಣ್ಯದಿಂದ ತಟ್ಟಿದೆ. ದಬ್. ಪಕ್ಕದಲ್ಲಿ ತಟ್ಟಿದೆ, ಟಣ್. ಮತ್ತೆ ಅಲ್ಲೇ ತಟ್ಟಿದೆ... ದಬ್.

ಹೇಳಿದ್ದರೆ ಅವಳು ಆ ರೇಸು ಬಿಡಬೇಕಿತ್ತು. ನಿಜ ಹೇಳಬೇಕೆಂದರೆ ನಾನು ಅವಳ ರೇಸಿಗಾಗಿ ಸುಮ್ಮನಾದವನಲ್ಲ. ಓದು ಇಲ್ಲದವನಿಗೆ ಕೈ ಕೆಲಸವೊಂದೇ ಮಾನ. ಅಣ್ಣನ ಕೈಯಿಂದಲೇ ಕೆಟ್ಟಿತು ಎಂಬ ಮಾತು ನನಗೆ ಬೇಡವಾಗಿತ್ತು. ನಮ್ಮಲ್ಲಿ ಹೊಸ ಸೈಕಲ್ಲಿಗೆ ಒಡೆಯನ ಹೆಸರು ಬರೆಯುವುದು ಅಂಗಡಿಯವನ ಕೆಲಸ. ಕೆಂಪು ಬಣ್ಣದ ಡಬ್ಬಿ ತೆಗೆದೆ. ಸರಿಯಾಗಿ ಆ ಬಿರುಕಿನ ಮೇಲೆ ದಪ್ಪ ಅಕ್ಷರದಲ್ಲಿ ಅವಳ ಹೆಸರು ಬರೆದೆ, ಅತ್ತ ಇತ್ತ ಒಂದೊಂದು ಕಮಲ.

ಅವಳು ಬಂದು ನೋಡಿ ನಕ್ಕಳು. “ಇದೇನಣ್ಣಾ, ಟಾಂಗಾಕ್ಕ ಬರ್ದಂಗ ಬರ್ದೀಯಲ್ಲ.” ಆದರೆ ಅಂದು ಬಂದು ಹೋದವರಿಗೆಲ್ಲ ಅದನ್ನು ತೋರಿಸಿದಳು.

ರೇಸಿನ ದಿನ ನಾನು ನೀರಿನ ಬಾಟಲಿ ಹಿಡಿದು ಇಳಿಜಾರಿನ ಕೆಳಗೆ ನಿಂತಿದ್ದೆ. ಅವಳು ಎಲ್ಲರಿಗಿಂತ ಮುಂದಿದ್ದಳು. ಮುಂದಿನ ಚಕ್ರ ಒಂದು ಸಣ್ಣ ಕಲ್ಲಿಗೆ ಬಡಿಯಿತು. ನನ್ನ ಬಾಡಿಗೆ ಸೈಕಲ್ ಆಗಿದ್ದರೆ ಒಮ್ಮೆ ಕುಣಿದು ಮುಂದೆ ಹೋಗುತ್ತಿತ್ತು. ಅವಳದು ಹೆಸರಿನ ನಡುವೆ ಮುರಿಯಿತು.

ತೊಡೆಯ ಎಲುಬು ಮುರಿದಿತ್ತು. ಆಸ್ಪತ್ರೆಯಲ್ಲಿ ನನ್ನ ಮುಖ ನೋಡಿ ಅವಳೇ ಮೊದಲು ಮಾತಾಡಿದಳು. “ಕಲ್ಲು ನೋಡ್ಲಿಲ್ಲ ನಾ. ಅಷ್ಟು ಛಲೋ ಫ್ರೇಮ್ ಮುರದಬಿಟ್ಟೆ. ಸಿಟ್ಟಿಗೇಳಬ್ಯಾಡ ಅಣ್ಣಾ.”

“ಇರ್ಲಿ ಬಿಡವಾ” ಎಂದೆ.

ತಪ್ಪು ಮಾಡಿದವನು ನಾನು. ಅವಳನ್ನು ಕ್ಷಮಿಸಿದವನೂ ನಾನೇ ಆದೆ.

ಆ ಕಾಲು ಮೊದಲಿನಂತಾಗಲಿಲ್ಲ. ನಾಲತವಾಡಕ್ಕೆ ಲಗ್ನವಾಗಿ ಹೋದಳು, ಒಂದೇ ಕಾಲಲ್ಲಿ ಹೊಲಿಗೆ ಯಂತ್ರ ತುಳಿದು ಸಂಸಾರ ನಡೆಸಿದಳು. ಪ್ರತಿ ನಾಗರಪಂಚಮಿಗೆ ತವರಿಗೆ ಕರೆಯಲು ಹೋದಾಗ ಈ ಸಲ ಹೇಳಬೇಕೆಂದು ಹೋಗುತ್ತಿದ್ದೆ. ಅವಳು ಮಕ್ಕಳಿಗೆ, “ದಾರಿ ನೋಡಿ ನಡೀರಿ, ನಿಮ್ಮವ್ವ ನೋಡಲಾರದ ಕೆಟ್ಟಾಳ” ಎನ್ನುತ್ತಿದ್ದಳು. ನಾನು ಅಲ್ಲೇ ಕೂತು ಉಂಡಿ ತಿನ್ನುತ್ತಿದ್ದೆ... ನಾಲ್ಕು ವರ್ಷದ ಹಿಂದೆ ಕಾಮಾಲೆಗೆ ತೀರಿಕೊಂಡಳು. ಹೇಳಬೇಕಾದ ಮಾತು ನನ್ನಲ್ಲೇ ಉಳಿಯಿತು.

ಮಾಸ್ತರರು ಕಾಯುತ್ತಿದ್ದರು. ನಾಣ್ಯ ತೆಗೆದು ಅವರ ಫ್ರೇಮನ್ನು ಉದ್ದಕ್ಕೂ ತಟ್ಟಿದೆ. ಎಲ್ಲ ಕಡೆ ಟಣ್ ಎಂದಿತು.

“ಕಾರ್ಬನ್ನಿಗೆ ವಯಸ್ಸಾಗೂದಿಲ್ರಿ ಸರ. ಕೊಳವಿ ಕೂಡೋ ಸಂದಿನಾಗ ಅಂಟು ಬಿಟ್ಟಿರಬಹುದು, ಅಲ್ಲಿನ ಅಲ್ಯುಮಿನಿಯಂನ ಬೆವರು ತಿಂದಿರಬಹುದು, ಅದನ್ನ ಬಿಚ್ಚಿ ನೋಡ್ತೇನಿ. ಸಪಾಟ ದಾರ್ಯಾಗ ಸಾವಕಾಶ ಹೊಡೀಲಿಕ್ಕೆ ಆದೀತು. ಆದ್ರ ಅದಕ್ಕೂ ಮೊದಲ ಪುಣೆದಾಗ ಕೊಟ್ಟಾವ್ಗ ಫೋನ್ ಹಚ್ರಿ. ಎಲ್ಲೆರೆ ಬಿದ್ದಿತ್ತೇನು, ಯಾರರೆ ಬಿಗಿದಿದ್ರೇನು ಕೇಳ್ರಿ. ಕಬ್ಬಿಣ ಪೆಟ್ಟು ತೋರಸ್ತೈತಿ. ಇದು ತೋರಸೂದಿಲ್ಲ. ಪೆಟ್ಟು ಕೊಟ್ಟಾವನೇ ಬಾಯಿ ಬಿಡಬೇಕು.”

“ಕೊಟ್ಟಾವ ಖರೇ ಹೇಳ್ತಾನೇನ್ರಿ ಕಾಕಾ?” ಎಂದು ಅವರು ನಕ್ಕರು.

ನಾನು ಸ್ಟೂಲು ಹತ್ತಿ ಅಂದಿನಿಂದ ಅಟ್ಟದಲ್ಲಿಟ್ಟಿದ್ದ ಆ ಮುರಿದ ಫ್ರೇಮು ಇಳಿಸಿದೆ. ಧೂಳು ಒರೆಸಿದರೆ ಬಣ್ಣ ಇನ್ನೂ ಕೆಂಪಾಗಿಯೇ ಇತ್ತು. ಯಾರದೆಂಬುದೊಂದು ಬಿಟ್ಟು ವೈಸು, ಸದ್ದು, ನಾಣ್ಯ, ಬಣ್ಣದ ಡಬ್ಬಿ ಎಲ್ಲವನ್ನೂ ಹೇಳಿದೆ. ಮಾಸ್ತರರು ಎರಡು ತುಂಡುಗಳನ್ನು ಜೋಡಿಸಿ ಹಿಡಿದು ಹೆಸರು ಓದಿದರು.

“ಇವರು ಯಾರ್ರಿ?”

“ನನ್ನ ತಂಗಿರಿ ಸರ. ಅಕಿ ಕಲ್ಲು ನೋಡಲಾರದ ಬಿದ್ದಾಕಿ ಅಲ್ಲ.”