ನರ್ಸಮ್ಮನ ಎರಡೂ ಕೈಗಳು

ಮಧ್ಯಾಹ್ನ ಮೂರೂ ಇಪ್ಪತ್ತಕ್ಕೆ ನರ್ಸಮ್ಮ ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಮೂಗು ಮುಚ್ಚಿಕೊಂಡರು. ಕೈಯಲ್ಲಿ ಹಿಡಿಯುವಂತಿರಲಿಲ್ಲ. ಎರಡೂ ಕೈಗಳು ತೊಡೆಯ ಮೇಲಿದ್ದ ನೀಲಿ ಪೆಟ್ಟಿಗೆಯನ್ನು ತಬ್ಬಿಕೊಂಡಿದ್ದವು. ಮಕ್ಕಳಿಗೆ ಹಾಕುವ ಲಸಿಕೆಯ ಪೆಟ್ಟಿಗೆ ಅದು. ಜನ ಉಗಿದ ಬಸ್ಸಿನ ನೆಲದ ಮೇಲೆ ಅದನ್ನು ಅವರು ಎಂದೂ ಇಟ್ಟವರಲ್ಲ. ಚಳ್ಳಕೆರೆ ಬಸ್ ನಿಲ್ದಾಣದ ಗಡಿಯಾರ ನನ್ನ ಕಿಟಕಿಗೆ ಎದುರಾಗಿಯೇ ಇತ್ತು, ಹಾಗಾಗಿ ಹೊತ್ತು ನೆನಪಿದೆ. ಅವರಿಗೆ ಏನೋ ವಾಸನೆ ಹತ್ತಿತ್ತು. ಪಕ್ಕದಲ್ಲೇ ಕೂತಿದ್ದ ನನಗೆ ಹತ್ತಿರಲಿಲ್ಲ. ಇಷ್ಟು ವರ್ಷಗಳಾದ ಮೇಲೂ ನನ್ನ ಮನಸ್ಸು ಆ ಗಳಿಗೆಗೆ ಹೋಗಿ ನಿಲ್ಲುತ್ತದೆ. ಅಲ್ಲಿಂದ ಮುಂದಿನದೆಲ್ಲ ಮತ್ತೆ ನಡೆಯುತ್ತದೆ, ಒಂದೂ ಬದಲಾಗುವುದಿಲ್ಲ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಮೊಳಕಾಲ್ಮುರು ರಸ್ತೆಯ ನಮ್ಮ ಊರಿನಿಂದ ನಾನು ದಿನವೂ ಚಳ್ಳಕೆರೆಯ ಕಾಲೇಜಿಗೆ ಬಿ.ಎ. ಓದಲು ಬರುತ್ತಿದ್ದೆ. ನಮ್ಮ ಪಕ್ಕದ ಊರಿನ ಆರೋಗ್ಯ ಕೇಂದ್ರದಲ್ಲಿ ಅವರು ನರ್ಸು. ಲಸಿಕೆ ತರಲೆಂದು, ಮೀಟಿಂಗಿಗೆಂದು ಅದೇ ಬಸ್ಸಿನಲ್ಲಿ ಓಡಾಡುತ್ತಿದ್ದರು. ಎದುರಿಗೆ ಎಲ್ಲರೂ ನರ್ಸಮ್ಮ ಅನ್ನುತ್ತಿದ್ದರು. ಬೆನ್ನ ಹಿಂದೆ ಅವರಿಗಿದ್ದ ಹೆಸರು ಬಸ್ಸಿನ ಅತ್ತೆ. ಅವರು ಮೆಟ್ಟಿಲ ಮೇಲೆ ಕಾಲಿಟ್ಟರೆ ಸಾಕು, ಹಿಂದಿನ ಸೀಟಿನಿಂದ ಯಾರಾದರೂ, “ಬಂದ್ಲು ನೋಡ್ರಲೇ ಅತ್ತೆ, ಬೀಡಿ ಆರ್ಸ್ರಲೇ” ಎನ್ನುತ್ತಿದ್ದರು.

ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವುದು ನಮ್ಮ ಕಡೆಯ ರೂಢಿ. ನರ್ಸಮ್ಮ ಆ ಟವೆಲನ್ನು ಎತ್ತಿ, ಚೆನ್ನಾಗಿ ಮಡಿಸಿ, ಅಲ್ಲೇ ಕೂತು, ಅದರ ಯಜಮಾನ ಬೆವರುತ್ತ ಬಂದಾಗ ಕೈಗೆ ಕೊಡುತ್ತಿದ್ದರು. “ತಗಳಪ್ಪ, ನಿನ್ನ ಟವೆಲ್ ಟಿಕೆಟ್ ತಗಂಡಿಲ್ಲ, ನಾನು ತಗಂಡಿದೀನಿ.” ಶೇಂಗಾ ಸುಲಿದು ಸಿಪ್ಪೆ ಉದುರಿಸಿದವನಿಂದಲೇ ಅದನ್ನೆಲ್ಲ ಅವನ ಪಂಚೆಯೊಳಕ್ಕೆ ಬಳಿದು ತುಂಬಿಸಿದ್ದನ್ನು ನಾನು ಕಂಡಿದ್ದೇನೆ. ಒಮ್ಮೆ ಆಂಧ್ರ ಗಡಿಯಾಚೆಯ ತೆಲುಗು ಮುದುಕನೊಬ್ಬ ಕಿಟಕಿಯಿಂದ ಉಗಿದ. ಅದು ಗಾಳಿಗೆ ತಿರುಗಿ ಹಿಂದಿದ್ದವರ ಮುಖಕ್ಕೆಲ್ಲ ಸಿಡಿಯಿತು. ನರ್ಸಮ್ಮ ಬೈದಾಗ ಅವನು ಸಿಟ್ಟಿನಿಂದ, “ಏಮ್ಮಾ, ಬಸ್ಸು ನೀದಾ?” ಎಂದ. “ನಾದಿ ಕಾದು ತಾತಾ, ನೀದಿ ಕೂಡಾ ಕಾದು” ಅಂದರು ಇವರು. ನನ್ನದಲ್ಲ ಅಜ್ಜ, ನಿನ್ನದೂ ಅಲ್ಲ. ಮುದುಕನೇ ಮೊದಲು ನಕ್ಕ.

“ಬಸ್ಸು ಅಂದ್ರೆ ಎಲ್ರ ಮನೆ ಜಗಲಿ ಇದ್ದಂಗೆ. ನಿಮ್ಮನೆ ಜಗಲಿ ಮ್ಯಾಲೆ ಉಗಿತೀರೇನ್ರಪ್ಪ?” ಅನ್ನುವುದು ಅವರ ಮಾಮೂಲಿ ಪ್ರಶ್ನೆ.

“ಉಗಿತೀವಮ್ಮ,” ಎಂದು ಹಿಂದಿನಿಂದ ಒಬ್ಬ ಅಂದಿದ್ದ.

“ಹಂಗಾರೆ ನಿಮ್ಮನೆಗೆ ಬರಲ್ಲ ಬಿಡು.”

ಅವರೇನು ಕಡಿಮೆ ಕಿರಿಕಿರಿಯವರಲ್ಲ. ಮಗು ಎತ್ತಿಕೊಂಡ ಹೆಂಗಸು ಬಸ್ಸಿನ ಆ ತುದಿಯಲ್ಲಿದ್ದರೆ ಈ ತುದಿಯಿಂದಲೇ, “ಏ, ಮೂರನೇ ಸಲದ್ದು ಹಾಕ್ಸಿದೀಯೇನೆ? ಯಾಕೆ ಬರ್ಲಿಲ್ಲ?” ಎಂದು ಕೂಗುತ್ತಿದ್ದರು. ಆ ತಾಯಿ ಇಡೀ ಬಸ್ಸಿನ ಎದುರು ನಾಚಿ ಸಾಯಬೇಕು. ಚಳಿಗಾಲದಲ್ಲೂ ಕಿಟಕಿ ಮುಚ್ಚಲು ಬಿಡುತ್ತಿರಲಿಲ್ಲ. ಮೊದಮೊದಲು ನಾನು ಅವರಿಂದ ದೂರವೇ ಕೂರುತ್ತಿದ್ದೆ. ಒಂದು ದಿನ ನಿಂತು ಬರುವಾಗ, ಹಿಂದಿದ್ದ ಗಂಡಸೊಬ್ಬ ಬಸ್ಸು ಕುಲುಕಿದಾಗಲೆಲ್ಲ ನನ್ನ ಮೇಲೆ ಬೀಳತೊಡಗಿದ. ನಾನು ಪುಸ್ತಕಗಳನ್ನು ಎದೆಗೆ ಒತ್ತಿಕೊಂಡು ಕುಗ್ಗುತ್ತಿದ್ದೆ. ನರ್ಸಮ್ಮ ಕೂತಲ್ಲಿಂದಲೇ, “ಏನಪ್ಪ, ಬಸ್ಸು ಅಲ್ಲಾಡಿದ್ರೆ ನೀನೊಬ್ನೇ ಬೀಳ್ತೀಯಾ? ಮಿಕ್ಕೋರೆಲ್ಲ ನೆಟ್ಟಗೆ ನಿಂತವ್ರೆ!” ಅಂದರು. ಅವನು ಮುಂದಿನ ನಿಲ್ದಾಣದಲ್ಲಿ ಇಳಿದುಹೋದ. ಮರುದಿನದಿಂದ ನನ್ನ ಜಾಗ ಅವರ ಪಕ್ಕದಲ್ಲಿ.

ಆ ಮಧ್ಯಾಹ್ನ ಅವರು ಸೆರಗು ಬಿಟ್ಟು ಕೇಳಿದ್ದು, “ಯಾರ ಡಬ್ಬಿ ಇದು?” ಎಂದು. ನಮ್ಮ ಹಿಂದಿನ ಸೀಟಿನ ಕೆಳಗೆ ಒಂದು ಎಣ್ಣೆ ಡಬ್ಬಿ ಇತ್ತು. ಚಳ್ಳಕೆರೆ ಎಣ್ಣೆ ಮಿಲ್ಲುಗಳ ಊರು. ಅಲ್ಲಿಂದ ಹೊರಡುವ ಯಾವ ಬಸ್ಸಿನಲ್ಲೂ ಇಂಥ ನಾಲ್ಕಾರು ತಗಡಿನ ಡಬ್ಬಿಗಳು ಇರುತ್ತಿದ್ದವು. ಕಂಡಕ್ಟರ್ ಸಹ ಬಗ್ಗಿ ನೋಡುತ್ತಿರಲಿಲ್ಲ.

“ಶೇಂಗಾ ಎಣ್ಣೆ ಐತಮ್ಮ,” ಎಂದ ಡಬ್ಬಿಯವನು. ಹಳ್ಳಿಯೊಂದರಲ್ಲಿ ಸಣ್ಣ ಅಂಗಡಿ ಇಟ್ಟುಕೊಂಡವನು ಅವನು.

“ಶೇಂಗಾ ಎಣ್ಣೆ ಇಂಗೆ ನಾರ್ತೈತೇನಪ್ಪ?”

“ಅತ್ತೆಗೆ ಈಗ ಎಣ್ಣೆ ವಾಸ್ನೇನೂ ಆಗವಲ್ದು,” ಎಂದು ಯಾರೋ ಅಂದರು. ಬಸ್ಸೆಲ್ಲ ನಕ್ಕಿತು. ನನಗೂ ಸ್ವಲ್ಪ ನಗು ಬಂತು.

ಬಸ್ಸು ಊರು ದಾಟಿ ಬಯಲಿಗೆ ಬಿತ್ತು. ನಮ್ಮ ಪಕ್ಕದ ಸಾಲಿನಲ್ಲಿ ಒಬ್ಬ ಕುರಿ ವ್ಯಾಪಾರಿ ಕೂತಿದ್ದ. ಬಾಯಿಗೆ ಬೀಡಿ ಇಟ್ಟು ಬೆಂಕಿಪೊಟ್ಟಣ ತೆಗೆದ. ನರ್ಸಮ್ಮ, “ಇವತ್ತೊಂದಿನ ಹಚ್ಚಬ್ಯಾಡಪ್ಪ, ಕೈ ಮುಗಿತೀನಿ” ಅಂದರು. ಮಾತಿಗೆ ಹಾಗಂದರು, ಕೈಗಳು ಪೆಟ್ಟಿಗೆಯ ಮೇಲೇ ಇದ್ದವು. ಮತ್ತೆ ಸೆರಗನ್ನು ಹಲ್ಲಿಗೆ ಕಚ್ಚಿದರು. ವ್ಯಾಪಾರಿ ಸುತ್ತಲೂ ನೋಡಿ ನಕ್ಕು, ಕಡ್ಡಿ ಗೀರಿ ಬೀಡಿ ಹಚ್ಚಿ, ಕಡ್ಡಿಯನ್ನು ಆರಿಸದೆ ಕಾಲ ಬಳಿ ಹಾಕಿದ.

ನೆಲದ ಮೇಲೆ ನೀಲಿ ಬೆಂಕಿ ಹರಿಯಿತು. ಹೊತ್ತಿಕೊಂಡಿತು ಎನ್ನಲಾರೆ, ನೀರಿನ ಹಾಗೆ ಹರಿಯಿತು. ಡಬ್ಬಿಯಲ್ಲಿದ್ದದ್ದು ಪೆಟ್ರೋಲು. ಬಂಕ್ ಇಲ್ಲದ ತನ್ನ ಊರಿನಲ್ಲಿ ಬಾಟಲಿಗೆ ತುಂಬಿ ಮಾರಲು ಅಂಗಡಿಯವನು ಒಯ್ಯುತ್ತಿದ್ದ. ಬಸ್ಸು ಕುಲುಕಿ ಕುಲುಕಿ ಅದು ತೊಟ್ಟಿಕ್ಕಿತ್ತು.

ನರ್ಸಮ್ಮ ಪೆಟ್ಟಿಗೆಯನ್ನು ನನ್ನ ಮಡಿಲಿಗೆ ತಳ್ಳಿ, “ಹಿಡ್ಕೋ, ಇಳಿ” ಎಂದು ಎದ್ದರು. ಅವರ ಕೈ ಪೆಟ್ಟಿಗೆ ಬಿಟ್ಟದ್ದು ಆಗಲೇ. ಆಮೇಲೆ ಕೇಳಿದ್ದು ಆ ದನಿ, ದಿನಾ ನಮ್ಮ ತಲೆ ತಿನ್ನುತ್ತಿದ್ದ ಅದೇ ದನಿ. “ಡ್ರೈವರಣ್ಣ, ನಿಲ್ಸು! ಹಿಂದಿನೋರು ಹಿಂದಿನ ಬಾಗ್ಲು, ಮುಂದಿನೋರು ಮುಂದಿನ ಬಾಗ್ಲು! ಗಂಟು ಬಿಡ್ರಿ! ಏ ಕೆಂಪಂಗಿ, ಚೀಲ ಬಿಡಲೇ, ಹಿಂದೆ ಮಕ್ಳವೆ!” ಕಿರುಚಾಟದ ನಡುವೆ ಆ ಒಂದು ದನಿಗೆ ಮಾತ್ರ ಜನ ತಿರುಗಿದರು. ಬೈಸಿಕೊಂಡು ಬೈಸಿಕೊಂಡು ಅದಕ್ಕೆ ಬಗ್ಗುವುದು ಎಲ್ಲರಿಗೂ ರೂಢಿಯಾಗಿತ್ತು. ಅಜ್ಜಿಯೊಬ್ಬಳ ಸೀರೆಗೆ ಬೆಂಕಿ ತಗುಲಿತು. ನರ್ಸಮ್ಮ ಬರಿಗೈಯಲ್ಲಿ ಬಡಿದು ಬಡಿದು ಆರಿಸಿದರು. ಎಲ್ಲರೂ ಇಳಿದ ಮೇಲೆ ಆ ಅಜ್ಜಿಯನ್ನು ತಬ್ಬಿಕೊಂಡು ಇಳಿದರು. ನಾವು ಹೊಲದೊಳಕ್ಕೆ ಓಡುತ್ತಿರುವಾಗ ಹಿಂದೆ ಡಬ್ಬಿ ಸಿಡಿದ ಸದ್ದಾಯಿತು.

ಯಾರೂ ಸಾಯಲಿಲ್ಲ. ಲಸಿಕೆ ಕೆಡದಂತೆ ಪೆಟ್ಟಿಗೆಯಲ್ಲಿಟ್ಟಿದ್ದ ಮಂಜುಗಡ್ಡೆ ಕರಗಿದ ನೀರನ್ನು ಅವರು ಅಜ್ಜಿಯ ಕಾಲಿಗೆ ನನ್ನಿಂದಲೇ ಹುಯ್ಯಿಸಿದರು. ತಮ್ಮ ಎರಡೂ ಅಂಗೈಗಳ ಚರ್ಮ ಸುಲಿದಿರುವುದನ್ನು ಕೊನೆಗೆ ನೋಡಿಕೊಂಡರು.

ಹೊಗೆ ಆರುವ ಮೊದಲೇ ಸುದ್ದಿ ತಿರುಗಿತು. ನರ್ಸಮ್ಮ ಜಗಳಕ್ಕೆ ಬಿದ್ದು ವ್ಯಾಪಾರಿಯ ಕೈ ತಟ್ಟಿದರು, ಉರಿಯುವ ಕಡ್ಡಿ ಕೆಳಗೆ ಬಿತ್ತು, ಬಸ್ಸು ಸುಟ್ಟಿತು ಎಂದು. ಮೊದಲು ಹೇಳಿದವನು ಡಬ್ಬಿಯವನೋ ಬಸ್ಸಿನ ಮಾಲೀಕರ ಕಡೆಯವರೋ ತಿಳಿಯದು. ಆದರೆ ಜನ ನಂಬಿದರು. ನರ್ಸಮ್ಮನ ಬಾಯಿ ಎಲ್ಲರಿಗೂ ಗೊತ್ತಿತ್ತಲ್ಲ! ಮಾತು ಹಳ್ಳಿಗಳಿಗೆ ಹೋಗುವಾಗ ಇನ್ನೊಂದು ರೂಪ ತಾಳಿತು. “ನರ್ಸಮ್ಮನ ಕೈ ಸರಿ ಇಲ್ಲ.” ಸೂಜಿ ಹಾಕುವವರ ಬಗ್ಗೆ ಇದಕ್ಕಿಂತ ಕೆಟ್ಟ ಮಾತಿಲ್ಲ. ನಮ್ಮ ಕೇರಿಯಲ್ಲೇ ತಾಯಂದಿರು ಮಕ್ಕಳನ್ನು ಒಳಗೆ ಬಚ್ಚಿಟ್ಟುಕೊಂಡರು.

ನರ್ಸಮ್ಮ ಕೈಗೆ ಬಟ್ಟೆ ಸುತ್ತಿಕೊಂಡೇ ಕೆಲಸಕ್ಕೆ ಬಂದರು. ಬೇರೆ ಬಸ್ಸು, ಅದೇ ಜನ. ಪಕ್ಕದಲ್ಲೇ ಬೀಡಿ ಹಚ್ಚಿದರು, ಸಿಪ್ಪೆ ಉದುರಿಸಿದರು, ಉಗಿದರು. ನರ್ಸಮ್ಮ ಕಿಟಕಿಯ ಕಡೆ ಮುಖ ಮಾಡಿ ಸುಮ್ಮನೆ ಕೂತರು. ಅವರ ಆ ಮೌನ ನನ್ನನ್ನು ಬೆಂಕಿಗಿಂತ ಹೆಚ್ಚು ಹೆದರಿಸಿತು. ರಾತ್ರಿ ಕಣ್ಣು ಮುಚ್ಚಿದರೆ ನೆಲದ ಮೇಲೆ ನೀಲಿ ಹರಿಯುತ್ತಿತ್ತು. ಬೆಚ್ಚಿ ಎದ್ದು ಕೂರುತ್ತಿದ್ದೆ. ಅವ್ವ ಬಂದು ಬೆನ್ನು ಸವರುತ್ತಿದ್ದಳು.

ಠಾಣೆಯಿಂದ ಎಲ್ಲರಿಗೂ ಕರೆ ಬಂತು. ಹೆಣ್ಣುಮಕ್ಕಳು ಆ ಮೆಟ್ಟಿಲು ಹತ್ತಬಾರದು ಎಂದರು ಅಪ್ಪ. ಅವ್ವ ಒಂದೇ ಮಾತು ಅಂದಳು. “ಅವಳ ಕಣ್ಣು ಕಂಡಿದ್ದನ್ನ ಅವಳ ಬಾಯೇ ಹೇಳ್ಬೇಕು. ನಿಮ್ಮ ಬಾಯಿ ಹೇಳಕಾಯ್ತದಾ?”

ಠಾಣೆಯಲ್ಲಿ, ನರ್ಸಮ್ಮ ವ್ಯಾಪಾರಿಯ ಕೈ ತಟ್ಟಿದ್ದನ್ನು ನೋಡಿದವರು ಯಾರು ಎಂದು ಇನ್ಸ್‌ಪೆಕ್ಟರ್ ಸಾಹೇಬರು ಕೇಳಿದಾಗ ಆರೇಳು ಜನ “ನೋಡಿದೀವಿ ಸಾರ್” ಅಂದರು. “ಅವರ ಎರಡೂ ಕೈ ಪೆಟ್ಟಿಗೆ ಮೇಲಿದ್ವು ಸಾರ್,” ಎಂದೆ. “ಸೆರಗನ್ನ ಹಲ್ಲಲ್ಲಿ ಕಚ್ಚಿದ್ರು. ಕೈ ಖಾಲಿ ಇದ್ದಿದ್ರೆ ಯಾರು ಹಂಗೆ ಮಾಡ್ತಾರೆ?”

ಮಾಲೀಕರ ಕಡೆಯವನು, “ಏನವ್ವ, ಅಷ್ಟು ಗಾಬ್ರೀಲಿ ಅವ್ರ ಕೈ ನೋಡ್ಕಂತ ಕೂತಿದ್ಯಾ?” ಎಂದ.

“ಗಾಬ್ರಿ ಆಗಿದ್ದು ಬೆಂಕಿ ಹತ್ತಿದ್ ಮ್ಯಾಲೆ. ಕಡ್ಡಿ ಗೀರೋವಾಗ ಎಲ್ರೂ ನಗ್ತಿದ್ರು.”

ಸಾಹೇಬರು ನರ್ಸಮ್ಮನ ಕಡೆ ತಿರುಗಿದರು. ಅವರು ಬಟ್ಟೆ ಸುತ್ತಿದ ಕೈಗಳನ್ನು ಮೇಜಿನ ಮೇಲೆ ಇಟ್ಟರು. “ನಾನು ಕೈ ಮಾಡಿಲ್ಲ ಸಾರ್,” ಎಂದರು. ಆ ಕೈಗಳನ್ನೇ ನೋಡಿಕೊಂಡು, “ಮಾಡ್ಬೇಕಾಗಿತ್ತು.”

ಮೂಲೆಯಲ್ಲಿದ್ದ ಕುರಿ ವ್ಯಾಪಾರಿ ಪೇಟ ತೆಗೆದು ಕೈಯಲ್ಲಿ ಹಿಡಿದುಕೊಂಡ. “ಅಮ್ಮ ಮುಟ್ಲಿಲ್ಲ ಸಾರ್. ನಾನೇ ಕೆಳಗೆ ಹಾಕ್ದೆ. ದಿನಾ ಅಂಗೇ ಹಾಕ್ತೀವಲ್ಲ.”

ನರ್ಸಮ್ಮ ಆಮೇಲೆ ನಿವೃತ್ತಿಯವರೆಗೂ ಅದೇ ಕೇಂದ್ರದಲ್ಲಿದ್ದರು. ಅಂಗೈಗಳ ಮೇಲೆ ನುಣುಪಾದ ತಿಳಿಗೆಂಪು ಕಲೆ ಉಳಿದಿತ್ತು. ನಾನು ಟೀಚರಾಗಿ ಬೇರೆ ಊರಿಗೆ ಹೋದೆ. ನನ್ನ ಮಗಳಿಗೆ ಮೊದಲ ಲಸಿಕೆಯನ್ನು ಹಟ ಹಿಡಿದು ಆ ಕೈಯಿಂದಲೇ ಹಾಕಿಸಿದೆ. ಅವರು ತೀರಿಕೊಂಡ ದಿನ ಮಣ್ಣಿಗೆ ಬಂದ ಜನರನ್ನು ನೋಡಿ ಒಬ್ಬರು, “ಇಷ್ಟು ಜನ ಒಂದು ಕಡೆ ಸೇರಿ ಯಾರೂ ಉಗಿಯದೆ ಇರೋದು ಇದೇ ಮೊದ್ಲು” ಅಂದರು. ಅಳುವವರೂ ನಕ್ಕರು. ನರ್ಸಮ್ಮನನ್ನು ನಾನು ಬಲ್ಲೆ, ಅವರ ಪಕ್ಕ ಕೂರುತ್ತಿದ್ದೆ ಎಂದು ಹೇಳಿಕೊಳ್ಳುವಾಗ ನನಗೆ ಈಗಲೂ ಎದೆ ಉಬ್ಬುತ್ತದೆ.

ಸಾಕ್ಷಿ ಹೇಳಿದ ಆ ದಿನ ಠಾಣೆಯಿಂದ ಸಂಜೆಯ ಬಸ್ಸಿಗೆ ನಾನೂ ನರ್ಸಮ್ಮನೂ ಜೊತೆಯಲ್ಲೇ ಹತ್ತಿದೆವು. ಅವರು ನನಗೆ ಥ್ಯಾಂಕ್ಸು ಗೀಂಕ್ಸು ಏನೂ ಹೇಳಲಿಲ್ಲ. ಊರು ದಾಟಿದ ಮೇಲೆ ಮುಂದಿನ ಸೀಟಿನವನು ಚಪ್ಪಲಿ ಬಿಟ್ಟು ಎರಡೂ ಕಾಲನ್ನು ಎದುರಿನ ಸೀಟಿನ ಮೇಲೆ ಚಾಚಿದ. ನರ್ಸಮ್ಮ ಕಿಟಕಿಯಿಂದ ಮುಖ ತಿರುಗಿಸಿ, ಅವನ ಪಾದಗಳನ್ನು ಚೆನ್ನಾಗಿ ನೋಡಿದರು.

“ಏನಪ್ಪ, ಕಾಲಿಗೂ ಟಿಕೆಟ್ ತಗಂಡಿದೀಯಾ?”

ಅವನು ಕಾಲು ಇಳಿಸಿದ. ನರ್ಸಮ್ಮ ಅಷ್ಟಕ್ಕೇ ಬಿಡಲಿಲ್ಲ. ನಮ್ಮೂರು ಬರುವವರೆಗೂ ಅವನಿಗೆ ಹೇಳುತ್ತಲೇ ಇದ್ದರು. ಹಿಂದಿನವರು ಗೊಣಗಿದರು, ಕಂಡಕ್ಟರ್ ತಲೆ ಚಚ್ಚಿಕೊಂಡ.

ಮನೆಗೆ ಬಂದು ಉಂಡು ಮಲಗಿದ್ದಷ್ಟೇ ಗೊತ್ತು, ಆ ರಾತ್ರಿ ಒಮ್ಮೆಯೂ ಬೆಚ್ಚಿ ಏಳಲಿಲ್ಲ. ಕಣ್ಣು ಬಿಟ್ಟಾಗ ಬಾಗಿಲೊಳಗೆ ಬಿಸಿಲು ಬಂದಿತ್ತು. ಕಾಲೇಜಿನ ಬಸ್ಸು ಎಂದೋ ಹೋಗಿತ್ತು. ಅವ್ವ ಎಬ್ಬಿಸಿರಲಿಲ್ಲ.