ಶೋಭಾರಾಣಿ ಅತ್ತೆ ಮತ್ತು ತಣಿಯದ ಎಣ್ಣೆ

ನನ್ನ ಅಕ್ಷರ ಚೆನ್ನಾಗಿಲ್ಲ, ಕ್ಷಮಿಸಿ. ಒಂಬತ್ತನೆಯ ತರಗತಿಗೇ ಶಾಲೆ ಬಿಟ್ಟವಳು ನಾನು, ಪದಗಳೂ ಕಡಿಮೆ. ಆರ್‌ಪಿಸಿ ಲೇಔಟ್‌ ಗ್ರಂಥಾಲಯದ ಕೈಬರಹದ ಪತ್ರಿಕೆಗೆ ನಮಗೆ ಗೊತ್ತಿರುವ ಒಬ್ಬರ ಬಗ್ಗೆ ಬರೆಯಲು ಹೇಳಿದ್ದಾರೆ. ನಾನು ನನ್ನ ಸೋದರತ್ತೆ ಶೋಭಾರಾಣಿಯವರ ಬಗ್ಗೆ ಬರೆಯುತ್ತಿದ್ದೇನೆ. ಪ್ರತಿ ಸಾಲನ್ನೂ ಎರಡು ಸಲ ಓದಿ ನೋಡಿದ್ದೇನೆ.

ಅತ್ತೆಗೆ ನಲವತ್ತಾರು ವರ್ಷ. ಕಾಮಾಕ್ಷಿಪಾಳ್ಯದಲ್ಲಿ ರೇಡಿಯೇಟರ್ ರಿಪೇರಿ ಅಂಗಡಿ ನಡೆಸುತ್ತಾರೆ, ನಾನೂ ಅಲ್ಲೇ ಅವರ ಜೊತೆ ಕೆಲಸ ಮಾಡುತ್ತೇನೆ. ಅದನ್ನು ಶುರು ಮಾಡಿದವರು ತಾತ ಅಂಜಿನಯ್ಯ. ಅವರ ಕಣ್ಣು ಮಂಜಾದ ಮೇಲೆ ಅತ್ತೆ ಬೆಸುಗೆ ಕಲಿತರು. ಹೊಸಬರು ಬಂದು "ಓನರ್ ಇಲ್ವಾ?" ಎಂದು ಕೇಳಿದರೆ, "ಇದಾರೆ, ಬೆಸುಗೆ ಹಾಕ್ತಾ ಇದಾರೆ, ಸ್ವಲ್ಪ ನಿಂತ್ಕೊಳ್ಳಿ" ಎಂದು ತಮ್ಮ ಕೆಲಸ ಮುಂದುವರಿಸುತ್ತಾರೆ.

ಆಯುಧಪೂಜೆಗೆ ಎರಡು ದಿನ ಮೊದಲು ರಾಜರಾಜೇಶ್ವರಿನಗರದ ನಾಗಭೂಷಣ್ ಅವರ ಹಳೆಯ ಸ್ಪೋರ್ಟ್ಸ್ ಕಾರಿನ ಆಯಿಲ್ ಕೂಲರ್ ನಮ್ಮಲ್ಲಿಗೆ ಬಂತು. ಎರಡೇ ಸೀಟಿನ ಕೆಂಪು ಕಾರು ಅದು, ಐವತ್ತು ವರ್ಷ ದಾಟಿದೆ. ಆಯಿಲ್ ಕೂಲರ್ ಚಿಕ್ಕ ರೇಡಿಯೇಟರ್ ಇದ್ದ ಹಾಗೆ. ಎಂಜಿನ್ನಿನ ಬಿಸಿ ಎಣ್ಣೆ ಅದರ ಕೊಳವೆಗಳಲ್ಲಿ ಹರಿಯುತ್ತದೆ. ಕೊಳವೆಗಳ ನಡುವಿನ ತೆಳು ತಗಡಿನ ಮಡಿಕೆಗಳಲ್ಲಿ ಗಾಳಿ ನುಗ್ಗಿ ಎಣ್ಣೆಯನ್ನು ತಣಿಸುತ್ತದೆ. ಅದರ ಒಂದು ಮೂಲೆ ಸೋರುತ್ತಿತ್ತು. ಅತ್ತೆ ಬೆಸುಗೆ ಹಾಕಿ ಹಬ್ಬಕ್ಕೆ ಮೊದಲೇ ಕೊಟ್ಟರು.

ಮೂರು ವಾರ ಕಳೆದು ಇವತ್ತು ಬೆಳಿಗ್ಗೆ ಕಾರೇ ಅಂಗಡಿ ಮುಂದೆ ಬಂದು ನಿಂತಿತು. ನಾಗಭೂಷಣ್ ಜೊತೆ ಅವರ ಮೆಕ್ಯಾನಿಕ್ ಮಹದೇವಣ್ಣನೂ ಇಳಿದರು.

"ಅಕ್ಕಾ, ಕೆಂಗೇರಿ ತಲುಪೋಷ್ಟರಲ್ಲಿ ಎಣ್ಣೆ ನೂರಿಪ್ಪತ್ತೈದು ಡಿಗ್ರಿ. ಬೋಂಡಾ ಬಿಟ್ರೆ ಬೇಯುತ್ತೆ," ಎಂದರು ಮಹದೇವಣ್ಣ.

"ಮುಂಚೆ ಎಷ್ಟಿರ್ತಿತ್ತು?"

"ಸೋರ್ತಿದ್ದಾಗಲೂ ತೊಂಬತ್ತೈದು ದಾಟ್ತಿರ್ಲಿಲ್ಲ," ಎಂದರು ನಾಗಭೂಷಣ್. "ಇವರು ಎಂಜಿನ್ ಒಳಗಿನ ಬೇರಿಂಗ್ ಸವೆದು ಹೋಗಿದೆ ಅಂತಾರೆ, ಇಲ್ಲಾ ನಿಮ್ಮ ಕೂಲರ್ ಒಳಗಡೆ ಕಟ್ಕೊಂಡಿದೆ ಅಂತಾರೆ. ನಾಳೆ ಎಂಜಿನ್ ಬಿಚ್ಚೋಕೆ ಒಪ್ಕೊಂಡಿದೀನಿ. ಇದರ ಸಾಮಾನು ಎಲ್ಲೂ ಸಿಗಲ್ಲ ಶೋಭಮ್ಮ. ಒಂದ್ಸಲ ಬಿಚ್ಚಿದ್ರೆ ಮತ್ತೆ ಓಡುತ್ತೋ ಇಲ್ವೋ."

"ಸಂಜೆವರೆಗೂ ನನಗೆ ಬಿಡಿ ಸಾರ್."

"ಅಕ್ಕ ತನ್ನ ಬೆಸುಗೆ ಬಿಟ್ಕೊಡಲ್ಲ ಬಿಡಿ," ಎಂದು ಮಹದೇವಣ್ಣ ನಕ್ಕರು.

"ಲೋ, ಕೂಲರ್ ಬಿಚ್ಚಿ ಹಾಕಿದ್ದಕ್ಕೆ ಬೇರಿಂಗ್ ಹೋಗುತ್ತೇನೋ? ಮೊದಲು ನೋಡೋಣ ಸುಮ್ನಿರು."

ನಿಂತ ಕಾರಿಗೆ ಗಾಳಿ ಸಿಗುವುದಿಲ್ಲ. ಅದಕ್ಕೆ ಅತ್ತೆ ಅವರನ್ನು ಸುಮನಹಳ್ಳಿ ಸೇತುವೆ ದಾಟಿ, ನಾಗರಬಾವಿ ಸುತ್ತಿ ಬರಲು ಕಳಿಸಿದರು. ಕಾರು ಬಂದು ನಿಂತ ಕೂಡಲೇ ಮಗ್ಗಿನಲ್ಲಿ ನೀರು ಹಿಡಿದು ಬಗ್ಗಿದರು. ದೋಸೆ ಕಾವಲಿ ಕಾದಿದೆಯೇ ಎಂದು ನೋಡುವ ಹಾಗೆ, ಎಣ್ಣೆ ಕೂಲರ್‌ಗೆ ಬರುವ ಲೋಹದ ತುದಿಗೆ ಒಂದೆರಡು ಹನಿ ಚಿಮುಕಿಸಿದರು. ಚುಂಯ್ ಎಂದಿತು. ಎಣ್ಣೆ ಹೊರಹೋಗುವ ತುದಿಗೂ ಚಿಮುಕಿಸಿದರು. ಅದೂ ಚುಂಯ್ ಎಂದಿತು.

"ಒಳಗೆ ಕಟ್ಕೊಂಡಿದ್ರೆ ಎರಡನೇದು ಇಷ್ಟು ಕಾಯ್ತಿರ್ಲಿಲ್ಲ. ಎಣ್ಣೆ ಬಿಸಿಯಾಗಿ ಒಳಗೆ ಹೋಗ್ತಿದೆ, ಬಿಸಿಯಾಗೇ ಹೊರಗೆ ಬರ್ತಿದೆ. ಮಧ್ಯೆ ಗಾಳಿ ಏನ್ ಮಾಡ್ತಿದೆ ಹಂಗಾದ್ರೆ?" ಅತ್ತೆ ಕೇಳಿದ್ದು ಯಾರನ್ನೂ ಅಲ್ಲ.

"ಹಂಗಾದ್ರೆ ಬೇರಿಂಗೇ," ಎಂದು ಮಹದೇವಣ್ಣ ನಾಗಭೂಷಣ್ ಅವರನ್ನು ಟೀ ಕುಡಿಯಲು ಕರೆದುಕೊಂಡು ಹೋದರು.

ಕೂಲರ್ ಸ್ವಲ್ಪ ಆರಿದ ಮೇಲೆ ಅತ್ತೆ ಅದನ್ನು ಬಿಚ್ಚಿ ಬೆಳಕಿಗೆ ಎತ್ತಿ ಹಿಡಿದರು. ರೇಡಿಯೇಟರ್ ಹೀಗೆ ಹಿಡಿದರೆ ಮಡಿಕೆಗಳ ನಡುವೆ ಆಚೆಯ ರಸ್ತೆ ಕಾಣುತ್ತದೆ. ಇದರಲ್ಲಿ ಒಂದು ಚುಕ್ಕೆ ಬೆಳಕೂ ಕಾಣಲಿಲ್ಲ. ಬರೀ ಕಪ್ಪು.

ಆಯುಧಪೂಜೆಗೆ ಮುಂಚೆ ಅತ್ತೆ ಅಂಗಡಿಯ ಎಲ್ಲದಕ್ಕೂ ತಾವೇ ಬಣ್ಣ ಹಚ್ಚುತ್ತಾರೆ. ಕಂಪ್ರೆಸರ್, ನೀರಿನ ತೊಟ್ಟಿ, ಸುತ್ತಿಗೆಯ ಹಿಡಿ, ಯಾವುದನ್ನೂ ಬಿಡುವುದಿಲ್ಲ. ಆ ವಾರ ಬಂದ ಗಿರಾಕಿಗಳ ಸಾಮಾನಿಗೂ ಕೇಳದೆಯೇ ಕಪ್ಪು ಎನಾಮಲ್ ಬಳಿಯುತ್ತಾರೆ. ಹಬ್ಬದ ದಿನ ಯಾವುದೂ ಹಳೆಯದಾಗಿ ಕಾಣಬಾರದು ಎಂದು ಅವರ ಆಸೆ. ರೇಡಿಯೇಟರ್‌ನ ಮಡಿಕೆಗಳು ಅಗಲ, ಬಣ್ಣ ಇಳಿದು ಹೋಗುತ್ತದೆ. ಕೂಲರ್‌ನವು ಸಾಸಿವೆ ಕಾಳೂ ತೂರದಷ್ಟು ಕಿರಿದು. ಬಣ್ಣ ಅಲ್ಲೇ ನಿಂತು ಒಣಗಿ ಗಾಳಿಯ ದಾರಿ ಮುಚ್ಚಿತ್ತು.

ಬಣ್ಣ ಕರಗಿಸುವ ಥಿನ್ನರ್ ಡಬ್ಬಿ ಪಕ್ಕದಲ್ಲೇ ಇತ್ತು. ಅವರು ಟೀ ಮುಗಿಸುವಷ್ಟರಲ್ಲಿ ಕೂಲರನ್ನು ಒಳಗೆ ಒಯ್ದು ಥಿನ್ನರ್‌ನಲ್ಲಿ ಮುಳುಗಿಸಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ ಎಂದು ನನಗೆ ಅನಿಸಿತು. ಅತ್ತೆಯೂ ಡಬ್ಬಿಯನ್ನು ನೋಡಿದರು. ಆಮೇಲೆ ಬಾಗಿಲಿಗೆ ಹೋಗಿ ಕೂಗಿದರು.

"ಲೋ ಮಹದೇವಾ, ಟೀ ಬಿಟ್ಟು ಬಾರೋ! ಕೆಟ್ಟಿರೋದು ಬೇರಿಂಗ್ ಅಲ್ಲ, ನನ್ನ ಬುದ್ಧಿ!"

ಮಹದೇವಣ್ಣ ಕೂಲರ್ ಎತ್ತಿ ನೋಡಿ, "ಗಾಳಿ ಹೋಗೋ ದಾರಿಗೆ ಡಾಂಬರು ಹಾಕ್ಬಿಟ್ಟಿದೀಯಲ್ಲಕ್ಕಾ!" ಎಂದು ಹೊಟ್ಟೆ ಹಿಡಿದು ನಕ್ಕರು. ನಾಗಭೂಷಣ್ ನಗಲಿಲ್ಲ.

"ನಾಳೆ ಎಂಜಿನ್ ಬಿಚ್ಚೇಬಿಡ್ತಿದ್ವಿ ಶೋಭಮ್ಮ."

"ಹೌದು ಸಾರ್. ನನ್ನ ಕೈಯಿಂದಲೇ ಆಗಿದ್ದು."

ಮೂರು ಗಂಟೆ ಹೊತ್ತು ಥಿನ್ನರ್‌ನಲ್ಲಿ ನೆನೆಸಿ, ಪೊರಕೆ ಕಡ್ಡಿಯಿಂದ ಒಂದೊಂದೇ ಮಡಿಕೆ ಬಿಡಿಸಿ, ಕಂಪ್ರೆಸರ್ ಗಾಳಿ ಹೊಡೆದೆವು. ಸಂಜೆ ಅತ್ತೆ ಆ ಕಾರಿನಲ್ಲಿ ನಾಗಭೂಷಣ್ ಪಕ್ಕ ಕುಳಿತು ಕೆಂಗೇರಿವರೆಗೂ ಹೋಗಿ ಬಂದರು. ಎಷ್ಟಿತ್ತು ಎಂದು ಕೇಳಿದೆ.

"ತೊಂಬತ್ತೆರಡಕ್ಕೆ ಬಂದು ನಿಂತ್ಬಿಡ್ತು. ಮೀಟರ್ ಮುಳ್ಳು ಅಂಟ್ಕೊಂಡಿದೆಯೇನೋ ಅಂತ ಗಾಜು ತಟ್ಟಿ ನೋಡ್ದೆ ಕಣೇ. ಇಲ್ಲ, ಸರಿಯಾಗೇ ಇದೆ."

ಎಂಜಿನ್ ಬಿಚ್ಚುವುದು ಬೇಡ ಎಂದು ನಾಗಭೂಷಣ್ ಮಹದೇವಣ್ಣನಿಗೆ ಹೇಳಿ ಹೊರಟರು. ಅತ್ತೆ ಮಾತ್ರ ಕೂರಲಿಲ್ಲ.

"ಆ ವಾರ ಇನ್ಯಾವುದಕ್ಕೆ ಬಣ್ಣ ಬಳಿದೆ, ನೆನಪಿದ್ಯೇನೇ?"

ನನಗೆ ನೆನಪಿತ್ತು. ಅನ್ನಪೂರ್ಣೇಶ್ವರಿ ನಗರದ ಒಂದು ಶಾಲಾ ವ್ಯಾನಿನ ರೇಡಿಯೇಟರ್, ಮಾಗಡಿ ರಸ್ತೆಯ ಒಂದು ಜನರೇಟರಿನದು. ಮಡಿಕೆ ಅಗಲವಿದ್ದರೂ ಒಮ್ಮೆ ನೋಡಿಬಿಡಬೇಕು ಎಂದರು ಅತ್ತೆ.

ಗೊತ್ತಿಲ್ಲದವರ ಜೊತೆ ಫೋನಿನಲ್ಲಿ ಮಾತಾಡಲು ನನಗೆ ಭಯ. ಆದರೂ ನಾಳೆ ಹತ್ತು ಗಂಟೆಗೆ ಆ ಇಬ್ಬರಿಗೂ ನಾನೇ ಫೋನ್ ಮಾಡಿ, ರೇಡಿಯೇಟರ್ ತಂದು ತೋರಿಸಿ ಎಂದು ಹೇಳುತ್ತೇನೆ.