ಟಿವಿಗೆ ಬೆನ್ನು ಮಾಡಿ ಕುಳಿತವರು: ಡಾ. ಇಂದುಬಾಯಿ ಯಾಳಗಿ

ಮಕ್ಕಳ ಮೇಲೆ ದೂರದರ್ಶನದ ಪ್ರಭಾವ ಎಂಬ ವಿಷಯವೀಗ ಶಿಕ್ಷಣಶಾಸ್ತ್ರದ ಪಠ್ಯದಲ್ಲಿಯೇ ಸೇರಿಕೊಂಡಿದೆ. ಅದರ ಬಗ್ಗೆ ಭಾಷಣ ಮಾಡದವರು ನಮ್ಮಲ್ಲಿ ವಿರಳ. ಆದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಊರೂರು ಸುತ್ತಿ, ಮನೆ ಮನೆ ಹೊಕ್ಕು, ಟಿವಿ ನೋಡುವ ಮಕ್ಕಳನ್ನು ಕಣ್ಣಾರೆ ಕಂಡು ಬರೆದವರಾರು ಎಂದು ಕೇಳಿದರೆ ನಾನು ಹೇಳಬಲ್ಲ ಹೆಸರು ಡಾ. ಇಂದುಬಾಯಿ ಯಾಳಗಿ ಅವರದೊಂದೇ. ಸಿಂದಗಿಯ ನಮ್ಮ ಶಿಕ್ಷಣ ಮಹಾವಿದ್ಯಾಲಯದಿಂದ ಅವರು ಈ ವರ್ಷ, 2009ರಲ್ಲಿ, ನಿವೃತ್ತರಾಗುತ್ತಿದ್ದಾರೆ. ಮೊದಲು ಅವರ ವಿದ್ಯಾರ್ಥಿನಿಯಾಗಿ, ಆಮೇಲೆ ಸಹೋದ್ಯೋಗಿಯಾಗಿ ಅವರ ನೆರಳಿನಲ್ಲಿ ಬೆಳೆದ ನಾನು ಬರೆದ ಈ ಹೊಗಳಿಕೆಗೆಲ್ಲ ಅವರು ಕೆಂಪು ಗೀಟು ಎಳೆಯುವುದು ಖಂಡಿತ. ಆದರೂ ಹೊಗಳುತ್ತೇನೆ.

ಆಲಮೇಲದಲ್ಲಿ ಹುಟ್ಟಿ, ವಿಜಾಪುರದಲ್ಲಿ ಓದಿ, ಇಂಡಿಯ ಪ್ರೌಢಶಾಲೆಯಲ್ಲಿ ಬಹುಕಾಲ ಪಾಠ ಮಾಡಿದ ಅವರು ನಮ್ಮ ಕಾಲೇಜಿಗೆ ಬಂದದ್ದು ಎಂಬತ್ತರ ದಶಕದ ಕೊನೆಯಲ್ಲಿ. ತೊಂಬತ್ತರ ದಶಕದ ನಡುವೆ ಅವರು ಮಕ್ಕಳ ಟಿವಿ ವೀಕ್ಷಣೆಯನ್ನೇ ಪಿಎಚ್.ಡಿ.ಗೆ ಆರಿಸಿಕೊಂಡಾಗ, ಟಿವಿ ನೋಡುವುದಕ್ಕೂ ಡಾಕ್ಟರೇಟ್ ಕೊಡುವುದಾದರೆ ನಮ್ಮ ಮನೆಯಲ್ಲಿ ನಾಲ್ಕು ಮಂದಿ ಡಾಕ್ಟರುಗಳಿದ್ದಾರೆ ಎಂದು ಸ್ಟಾಫ್ ರೂಮಿನಲ್ಲಿ ನಗೆಯಾಡಿದವರಿದ್ದರು. ಇಂದುಬಾಯಿಯವರು ತಾವೂ ನಕ್ಕು, ಆ ನಾಲ್ವರ ಹೆಸರು ಬರೆದುಕೊಂಡು, ಮುಂದಿನ ರವಿವಾರವೇ ಅವರ ಮನೆಗೆ ಹೋಗಿಬಿಟ್ಟರು!

ಅವರ ಕೆಲಸದ ರೀತಿಯೇ ಬೇರೆ. ಮೊದಮೊದಲು ನಾವು ಪ್ರಶಿಕ್ಷಣಾರ್ಥಿಗಳು ಪುಸ್ತಕದ ಭಾಷೆಯಲ್ಲಿ ಪ್ರಶ್ನೆ ಕೇಳುತ್ತಿದ್ದೆವು. ಸಾಹೇಬರು ತಪಾಸಣೆಗೆ ಬಂದಿದ್ದಾರೆಂದು ತಿಳಿದ ಮಕ್ಕಳು ಎದ್ದು ಕೈಕಟ್ಟಿ, ಟಿವಿ ನೋಡಬಾರದು ಎಂದು ಒಕ್ಕೊರಲಿನಿಂದ ಒಪ್ಪಿಸುತ್ತಿದ್ದರು. ಆ ಉತ್ತರಗಳನ್ನೆಲ್ಲ ಬದಿಗಿಟ್ಟ ಇಂದುಬಾಯಿಯವರು ತಾವೇ ಹೊರಟರು. ಧಾರಾವಾಹಿ ನಡೆಯುವಾಗ ಟಿವಿಗೆ ಬೆನ್ನು ಮಾಡಿ ಕುಳಿತು ಮಕ್ಕಳ ಮುಖಗಳನ್ನೇ ನೋಡುತ್ತಿದ್ದರು. ಮುಗಿದ ಮೇಲೆ ಪ್ರಶ್ನೆ ಕೇಳದೆ, ಇವತ್ತಿನ ಕಥೆ ನನಗೂ ಹೇಳಿರಿ ಎನ್ನುತ್ತಿದ್ದರು. ಹೆಣ್ಣುಮಗಳಾದ ನಾನು ಅವರೊಡನೆ ಊರೂರು ತಿರುಗುವುದಕ್ಕೆ ನನ್ನ ತಂದೆ ಹಿಂದೇಟು ಹಾಕಿದಾಗ, ಮನೆಗೆ ಬಂದು ಚಹಾ ಕುಡಿದು, ಪ್ರತಿ ಸಂಜೆ ನನ್ನನ್ನು ಬಾಗಿಲ ತನಕ ಬಿಟ್ಟುಹೋಗುವ ಹೊಣೆ ಹೊತ್ತರು. ಕಾಲುನೋವಿದ್ದ ದಿನವೂ ಆ ಮಾತನ್ನು ಮುರಿಯಲಿಲ್ಲ.

ಅವರ ದೊಡ್ಡತನವನ್ನು ನಾನು ಪೂರ್ತಿ ಕಂಡದ್ದು 1998ರಲ್ಲಿ. ಹೂವಿನ ಹಿಪ್ಪರಗಿಯ ಬಸಂತರಾಯರೆಂಬ ರೈತರ ಮಗಳು, ನಾಲ್ಕನೆಯ ಇಯತ್ತೆಯ ಭಾಗ್ಯಜ್ಯೋತಿ, ಮಾಳಿಗೆಯಿಂದ ಬಿದ್ದು ಕಾಲು ಮುರಿದುಕೊಂಡಳು. ರವಿವಾರದ ಧಾರಾವಾಹಿಯ ವೀರನಂತೆ ಹಾರಲು ಹೋಗಿ ಜಿಗಿದಳೆಂದು ಊರು ಮಾತಾಡಿತು, ಪತ್ರಿಕೆಯೊಂದರಲ್ಲಿಯೂ ಬಂತು. ಹುಡುಗಿ ವಿಜಾಪುರದ ಆಸ್ಪತ್ರೆಯಲ್ಲಿದ್ದುದರಿಂದ ಅವಳನ್ನು ಕಾಣದೆಯೇ ಇಂದುಬಾಯಿಯವರು ಈ ಪ್ರಸಂಗವನ್ನು ಮುಖ್ಯ ಉದಾಹರಣೆಯಾಗಿಟ್ಟು ಧಾರವಾಡದ ವಿಚಾರ ಸಂಕಿರಣಕ್ಕೆ ಪ್ರಬಂಧದ ಸಾರಾಂಶ ಕಳುಹಿಸಿದ್ದರು. ಮಾರ್ಗದರ್ಶಕರು ಬಹಳ ಮೆಚ್ಚಿ, ಇದೊಂದರಿಂದಲೇ ಪದವಿ ಕೈಗೆ ಬಂದಂತೆ ಎಂದು ಬರೆದಿದ್ದರು.

ಅವಳು ಮನೆಗೆ ಬಂದ ಸುದ್ದಿ ತಿಳಿದೊಡನೆ ನಾವು ಹೋದೆವು. ಅಷ್ಟರಲ್ಲಿ ಊರ ಮಕ್ಕಳು ಅವಳಿಗೆ ಟಿವಿ ಹುಚ್ಚಿ ಎಂದು ಹೆಸರಿಟ್ಟಾಗಿತ್ತು. ಇಂಥ ಹುಚ್ಚಾಟವನ್ನೆಲ್ಲ ಕಲಿಯುವುದು ಶಾಲೆಯ ಗೆಳತಿಯರಿಂದಲೇ, ಆದ್ದರಿಂದ ಕಾಲು ನೆಟ್ಟಗಾದರೂ ಅವಳನ್ನು ಶಾಲೆಗೆ ಕಳಿಸುವುದಿಲ್ಲ ಎಂದು ಬಸಂತರಾಯರು ನಿಶ್ಚಯಿಸಿದ್ದರು. ಓದಿದವರು ನೀವು, ನೀವೂ ಹೌದು ಎಂದರೆ ಮುಗಿಯಿತು ಎಂದು ಇಂದುಬಾಯಿಯವರ ಬಾಯಿಯತ್ತಲೇ ನೋಡಿದರು. ಒಂದು ಮಗುವಿನ ಓದು ಅವರ ಒಂದು ಮಾತಿನ ಮೇಲೆ ನಿಂತಿತ್ತು.

ಇಂದುಬಾಯಿಯವರು ಹುಡುಗಿಯ ಹೊರಸಿನ ಮೇಲೆ ಕುಳಿತು, ಎಂದಿನಂತೆ, ಆ ರವಿವಾರದ ಕಥೆ ಹೇಳೆಂದರು.

“ಮದ್ಲ ಕುದುರಿ ಓಡ್ತಾವ್ರಿ. ಆಮ್ಯಾಲ ಒಬ್ಬಾಂವ ದಪ್ಪ ದನೀಲೆ ನಗ್ತಾನ್ರಿ. ಹಾಡ ಬರ್ತೈತ್ರಿ. ಆಮ್ಯಾಲ ನಮ್ಮ ಅಣ್ಣಗೋಳು ಚಪ್ಪಾಳಿ ಹೊಡಿತಾರ್ರಿ.”

ಕುದುರೆ ಕರಿಯದೋ ಬಿಳಿಯದೋ ಎಂದು ಕೇಳಿದರೆ ಹುಡುಗಿಗೆ ಗೊತ್ತಿಲ್ಲ. ನಗುವವನಿಗೆ ಮೀಸೆ ಇದೆಯೋ ಇಲ್ಲವೋ, ಅದೂ ಗೊತ್ತಿಲ್ಲ. ಅವಳ ಕಥೆಯಲ್ಲಿ ಸಪ್ಪಳವಷ್ಟೇ ಇತ್ತು, ಒಂದು ಮುಖವೂ ಇರಲಿಲ್ಲ. ಪಕ್ಕದಲ್ಲೇ ಕುಳಿತಿದ್ದ ನನಗೆ ಇದು ಹೊಳೆಯಲೇ ಇಲ್ಲ. ಇಂದುಬಾಯಿಯವರು ಅವಳ ತಲೆ ನೇವರಿಸುತ್ತ ಕೇಳಿದರು:

“ನೀ ಎಲ್ಲಿ ಕುಂತು ನೋಡ್ತಿದ್ದಿ, ತಂಗಿ?”

“ನಾ ಮಾಳಗಿ ಮ್ಯಾಲ ಇರ್ತೇನ್ರಿ. ಅಂಟೇನಾ ಹಿಡಕೊಂಡು.”

ಗಾಳಿಗೆ ಅಂಟೇನಾ ತಿರುಗಿದರೆ ಚಿತ್ರ ಹೋಗುತ್ತಿತ್ತು; ಹಗುರ ಮೈಯ ಹುಡುಗಿಯೆಂದು ಪ್ರತಿ ರವಿವಾರ ಅವಳನ್ನೇ ಮೇಲೆ ಹತ್ತಿಸುತ್ತಿದ್ದರು. ಅಂದು ಕೆಳಗಿನಿಂದ ಅಣ್ಣಂದಿರಿಬ್ಬರು ಇನ್ನಷ್ಟು ತಿರುಗಿಸೆಂದು ಕೂಗಿದಾಗ, ಕಂಬ ಹಿಡಿದು ಹಿಂದೆ ಸರಿಯುತ್ತ ಅಂಚಿನಲ್ಲಿ ಕಾಲು ಜಾರಿತ್ತು. ಏಟಿಗೆ ಹೆದರಿದ ಅಣ್ಣಂದಿರು ಹಾರಲು ಹೋದಳೆಂದು ಸುಳ್ಳು ಹೇಳಿದ್ದರು. ಅವರಿಗೆ ಏಟು ಬಿದ್ದೀತೆಂದು ಇವಳು ಬಾಯಿ ಬಿಟ್ಟಿರಲಿಲ್ಲ. ಯಾಕೆ ಜಿಗಿದೆ ಎಂದೇ ಎಲ್ಲರೂ ಗದರಿಸಿದ್ದರು.

ಇಂದುಬಾಯಿಯವರು ಬಸಂತರಾಯರನ್ನು ಕರೆದು ನಿಧಾನವಾಗಿ ಹೇಳಿದರು: “ರಾಯರ, ನಿಮ್ಮ ಮಗಳು ಆ ಧಾರಾವಾಹಿ ಒಂದಿನಾನೂ ನೋಡಿಲ್ಲ. ನಿಮಗೆಲ್ಲಾ ಕಾಣಲಿ ಅಂತ ಮ್ಯಾಲ ನಿಂತಾಳ. ಜಿಗದಾಳ ಅಂತ ನಾನೂ ತಪ್ಪು ಬರದೇನಿ, ಅದನ್ನ ತಿದ್ದತೇನಿ. ನೀವು ಅಕಿನ್ನ ಸಾಲಿಗಿ ಕಳಸ್ರಿ.”

ಬಸಂತರಾಯರು ಕಳಿಸುತ್ತೇನೆಂದು ತಲೆಯಾಡಿಸಿದರು. ಮುಂದಿನ ರವಿವಾರ ನಾವು ಹೋದಾಗ ಮಾಳಿಗೆಯ ಮೇಲೆ ಅಂಟೇನಾ ಹಿಡಿದು ನಿಂತವರು ಸ್ವತಃ ಅವರೇ. ಹುಡುಗಿ ಪ್ಲಾಸ್ಟರಿನ ಕಾಲನ್ನು ದಿಂಬಿನ ಮೇಲಿಟ್ಟು ಮೊಟ್ಟಮೊದಲ ಸಲ ಟಿವಿಯ ಮುಂದೆ ಕುಳಿತಿದ್ದಳು, ಇಂದುಬಾಯಿಯವರು ಅವಳ ಮುಖದ ಮುಂದೆ. ತುಸು ಹೊತ್ತು ನೋಡಿ ಹುಡುಗಿ ಕೇಳಿದಳು: “ಇಷ್ಟ ಏನ್ರಿ, ಅಕ್ಕೋರ? ಮ್ಯಾಲ ಕೇಳುವಾಗ ಭಾಳ ಚಂದ ಇತ್ತರಿ.”

ಇಂದುಬಾಯಿಯವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆದರೆ ಹಿಂತಿರುಗುವಾಗ ಬಸ್ಸು ದೇವರ ಹಿಪ್ಪರಗಿ ದಾಟುವವರೆಗೂ ತಮ್ಮ ಟಿಪ್ಪಣಿ ಪುಸ್ತಕದ ಹಾಳೆ ತಿರುವುತ್ತಿದ್ದರು. ಆಮೇಲೆ, ಟಿವಿ ಮಕ್ಕಳಿಗೆ ಏನು ಮಾಡುತ್ತದೆ ಎಂದು ಕೇಳುವ ಮೊದಲು, ಅದು ನಡೆಯುವಾಗ ಮನೆಯಲ್ಲಿ ಯಾರು ಎಲ್ಲಿರುತ್ತಾರೆ ಎಂದು ಕೇಳಬೇಕಿತ್ತು ಮುಬೀನಾ, ಎಂದು ನನಗೆ ಹೇಳಿದರು.

ಧಾರವಾಡದ ತುಂಬಿದ ಸಭೆಯಲ್ಲಿ ಎದ್ದು ನಿಂತು, ತಮ್ಮ ಮುಖ್ಯ ಉದಾಹರಣೆಯೇ ಸುಳ್ಳೆಂದು ತಾವೇ ಸಾರಿದ ಆ ಗಳಿಗೆಯನ್ನು ನೆನೆದರೆ ನನಗೆ ಇಂದಿಗೂ ಮೈ ಜುಮ್ಮೆನ್ನುತ್ತದೆ. ಮಾರ್ಗದರ್ಶಕರು ಮುನಿದರು, ಪದವಿ ವರ್ಷಗಟ್ಟಲೆ ದೂರ ಹೋಯಿತು. ಅವರು ನಾಲ್ಕೂ ತಾಲೂಕುಗಳನ್ನು ಮತ್ತೆ ಮೊದಲಿನಿಂದ ಸುತ್ತಿದರು. ಒಲೆಯ ಮುಂದೆ ರೊಟ್ಟಿ ಬಡಿಯುತ್ತ ಟಿವಿಯನ್ನು ಬರೀ ಕೇಳುವ ಹುಡುಗಿಯರು, ಪರರ ಹೊಸ್ತಿಲಾಚೆ ನಿಂತು ಅರ್ಧ ಪರದೆಯನ್ನಷ್ಟೇ ಕಾಣುವ ಕೂಲಿಕಾರರ ಮಕ್ಕಳು, ಇವರೆಲ್ಲ ಆ ಮಹಾಪ್ರಬಂಧದೊಳಗೆ ಬಂದರು. 2003ರಲ್ಲಿ ಪದವಿ ಬಂದಾಗ ಅವರ ವಯಸ್ಸಿನವರು ಪಿಂಚಣಿಯ ಲೆಕ್ಕ ಹಾಕುತ್ತಿದ್ದರು. ಇಂಥವರ ಬಳಿ ಕಲಿತೆನೆಂಬುದೇ ನನ್ನ ಬದುಕಿನ ದೊಡ್ಡ ಭಾಗ್ಯ.

ಪೂಜ್ಯರಿಗೆ ದೀರ್ಘಾಯುಷ್ಯ, ಗಟ್ಟಿ ಮೊಣಕಾಲು, ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಸದಾ ದೊರೆಯಲೆಂದು ಹಾರೈಸುತ್ತೇನೆ. ಇನ್ನಾದರೂ ವಿಶ್ರಾಂತಿ ತೆಗೆದುಕೊಳ್ಳಿ ಎಂದು ಮೊನ್ನೆ ನಾನು ಕೇಳಿಕೊಂಡಾಗ ಅವರು ಆಗಲೇ ಚೀಲಕ್ಕೆ ಶೇಂಗಾ ಉಂಡೆ ತುಂಬುತ್ತಿದ್ದರು.

“ಮುದ್ದೇಬಿಹಾಳ ಕಡೆ ಒಂದು ಸಾಲಿಗಿ ಹೊಸಾ ಅಕ್ಕೋರು ಬಂದಾಳ. ಮಕ್ಕಳನ್ನ ನೋಡಾಕ ಬರ್ರಿ ಅಂತ ಕರದಾಳ, ಹೋಗಿ ಬರ್ತೇನಿ,” ಎಂದರು.

ಕರೆದ ಆ ಹೊಸ ಶಿಕ್ಷಕಿ ಭಾಗ್ಯಜ್ಯೋತಿ.